ಮುಟ್ಟಾಳೆ ಕೊಟ್ಟ ದೋಣಿಯವನು

ಕಳೆದ ವಾರ ಬಂಟ್ವಾಳದ ಒಂದು ಸಾಹಿತ್ಯ ಸಂಘದವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಸಭೆಗೆ ಇನ್ನೂ ಹೊತ್ತಿದ್ದುದರಿಂದ ಕಾರ್ಯದರ್ಶಿಗಳು ತಮ್ಮ ಮನೆಗೆ ಕರೆದುಕೊಂಡು ಹೋಗಿ ಕೂರಿಸಿ, ಸಣ್ಣ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟರು. ಬಿಸಿಲಿನಲ್ಲಿ ನಡೆದು ಬಂದ ನೆಂಟನಿಗೆ ಮೊದಲು ಬೆಲ್ಲ, ಆಮೇಲೆ ನೀರು, ಅದಾದ ಮೇಲೆಯೇ ಮಾತು. ಇದು ನಮ್ಮ ಕಡೆಯ ಹಳೆಯ ಮರ್ಯಾದೆ. ಈಗ ಹೆಚ್ಚಿನ ಮನೆಗಳಲ್ಲಿ ಆ ಜಾಗಕ್ಕೆ ಚಹಾ ಬಂದು ಕೂತಿದೆ.

"ತೆಗೊಳ್ಳಿ ಸಾರ್. ನೀವೇನು ಹೊರಗಿನವರಾ? ನಮ್ಮ ಊರಿನವರೇ ಅಲ್ವಾ," ಎಂದರು ಅವರು.

ಊರಿನವನೇ ಆದರೆ ಬೆಲ್ಲ ಯಾಕೆ ಕೊಡುತ್ತೀರಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಬೆಲ್ಲ ತಿಂದೆ, ನೀರು ಕುಡಿದೆ, ಬಾಯಿ ಕಹಿಯಾಯಿತು. ಕತೆಗಾರನ ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಯಾಕೆ ಕಹಿಯಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಸಭೆಯ ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಯುವಕ ಎದ್ದು ನಿಂತ. "ಸಾರ್, ನೀವು ಬರೆದದ್ದರಲ್ಲಿ ನಿಮಗೇ ಹೆಚ್ಚು ಇಷ್ಟವಾದ ಕತೆ ಯಾವುದು? ಯಾವ ಪಾತ್ರ?" ಈ ಪ್ರಶ್ನೆಗೆಂದೇ ನಾನು ಒಂದು ಉತ್ತರವನ್ನು ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೇನೆ. "ಕತೆಗಳು ನನಗೆ ಮಕ್ಕಳ ಹಾಗೆ. ತಂದೆಯಾದವನು ಇಂಥ ಮಗುವೇ ಹೆಚ್ಚು ಎಂದು ಹೇಗೆ ಹೇಳಲಿ?" ಎಂದೆ. ಚಪ್ಪಾಳೆ ಬಿತ್ತು. ಹುಡುಗ ಮಾತ್ರ ಚಪ್ಪಾಳೆ ತಟ್ಟದೆ ಕೂತ. ಅವನಿಗೆ ಕತೆ ಬರೆಯುವ ಯೋಗ ಇರಬಹುದು.

ಮೂಡಬಿದಿರೆಗೆ ಹಿಂದಿರುಗುವ ಬಸ್ಸಿನಲ್ಲಿ ನನ್ನ ಮಾತೇ ನನ್ನನ್ನು ಚುಚ್ಚತೊಡಗಿತು. ತಂದೆಯಾದವನು ಏನು ಮಾಡುತ್ತಾನೆ ಎಂಬುದು ನನಗೆ ಏನು ಗೊತ್ತು? ನಾನು ಬೆಳೆದ ಮನೆಯಲ್ಲಿ ಮಕ್ಕಳು ತಂದೆಯವರೇ ಆಗಿರಲಿಲ್ಲ.

ನಮ್ಮದು ಅಳಿಯಸಂತಾನದ ಮನೆ. ನರಿಕೊಂಬಿನಲ್ಲಿ, ಹೊಳೆಯ ಬದಿಗೆ. ಮನೆ, ಗದ್ದೆ, ಹೆಸರು ಎಲ್ಲ ತಾಯಿಯ ಕಡೆಯಿಂದ ಬರುವುದು. ಯಜಮಾನಿಕೆ ತಾಯಿಯ ಅಣ್ಣನದು. ಅವನ ನಂತರ ತಂಗಿಯ ಮಕ್ಕಳದು. ಎಲ್ಲ ಮನೆಗಳಲ್ಲಿ ಗಂಡ ಹೆಂಡತಿ ಬೇರೆ ಬೇರೆ ಇರುತ್ತಿದ್ದರು ಎಂದಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಅಮ್ಮ ಕೂಡ ಬೆಳ್ತಂಗಡಿಯ ಆಚೆ ಅಪ್ಪನ ಕಡೆಯಲ್ಲಿ ಇದ್ದಳಂತೆ. ಅಜ್ಜಿ ತೀರಿಕೊಂಡ ಮೇಲೆ ಮನೆಗೆ ಹೆಣ್ಣುದಿಕ್ಕು ಬೇಕೆಂದು ಮಾವ ಹೋಗಿ ತಂಗಿಯನ್ನೂ ಕಂಕುಳಲ್ಲಿದ್ದ ನನ್ನನ್ನೂ ಕರೆದುಕೊಂಡು ಬಂದ. ಅಪ್ಪನನ್ನು ಕರೆಯಲಿಲ್ಲ. ಕರೆಯುವ ಕ್ರಮ ಇರಲಿಲ್ಲ.

ಅಪ್ಪ ಬೆಳ್ತಂಗಡಿಯ ಕಡೆ ಶಾಲೆ ಮಾಸ್ತರು. ತಮ್ಮ ಅಕ್ಕನ ಮನೆಯಲ್ಲಿದ್ದುಕೊಂಡು ಪಾಠ ಹೇಳುತ್ತಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಬಂಟ್ವಾಳದಲ್ಲಿ ಇಳಿದು, ದೋಣಿಯಲ್ಲಿ ಹೊಳೆ ದಾಟಿ, ನಮ್ಮ ಅಂಗಳಕ್ಕೆ ಕಾಲಿಡುವಾಗ ಬಿಸಿಲು ಇನ್ನೂ ಇಳಿದಿರುತ್ತಿರಲಿಲ್ಲ. ಚಾವಡಿಯಲ್ಲಿ ಕೂತ ಮಾವ ಒಳಗಿನವರಿಗೆ ಕೇಳುವ ಹಾಗೆ, "ಭಾವ ಬಂದರು. ಬೆಲ್ಲ ನೀರು ತೆಗೊಂಡು ಬಾ!" ಎನ್ನುತ್ತಿದ್ದ. ಅಮ್ಮ ತಂದಿಟ್ಟು ಬಾಗಿಲ ಹಿಂದೆ ಸರಿಯುತ್ತಿದ್ದಳು. ಅಪ್ಪ ಕೊಡೆಯನ್ನು ನೆಂಟರ ಮೊಳೆಗೆ ತೂಗುಹಾಕಿ, ಬೆಲ್ಲದ ಒಂದು ಮೂಲೆಯನ್ನು ಮಾತ್ರ ಕಚ್ಚಿ, ಉಳಿದದ್ದನ್ನು ಯಾರೂ ನೋಡದ ಹಾಗೆ ನನ್ನ ಕೈಗೆ ದಾಟಿಸುತ್ತಿದ್ದರು. ಅವರಿಂದ ನನಗೆ ಬಂದ ಆಸ್ತಿ ಅದೊಂದೇ. ಆಮೇಲೆ ಕೇಳುತ್ತಿದ್ದರು, "ಈಗ ಎಷ್ಟನೇ ಕ್ಲಾಸು?" ಅವರಿಗೆ ಗೊತ್ತಿತ್ತು. ಬೇರೆ ಏನು ಕೇಳುವುದೆಂದು ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಗಂಜಿ ಉಂಡು ಹೊರಟುಬಿಡುತ್ತಿದ್ದರು.

ಮಾವನಿಗೆ ನಮ್ಮ ಮನೆಯಲ್ಲಿ ಯಾರೂ ಒಂದು ದಿನವೂ ಬೆಲ್ಲ ನೀರು ಕೊಟ್ಟದ್ದಿಲ್ಲ. ಅವನು ಬಂದರೆ ಮನೆಗೆ ಬಂದ ಹಾಗೆ. ಅವನ ಹೆಂಡತಿ ಮಕ್ಕಳು ಇದ್ದದ್ದು ಮಾಣಿ ಎಂಬ ಊರಿನಲ್ಲಿ, ಹೆಂಡತಿಯ ತಾಯಿಮನೆಯಲ್ಲಿ. ನನಗೆ ಸ್ಲೇಟು ತಂದವನು ಮಾವ, ಹೊಡೆದವನು ಮಾವ, ಓದಲು ಮೈಸೂರಿಗೆ ಕಳಿಸಿದವನು ಮಾವ. ಎಂ.ಎ. ಮುಗಿಸಿ ಮೂಡಬಿದಿರೆಯಲ್ಲಿ ಪಾಠ ಹೇಳಲು ಸೇರಿದೆ. ಕತೆ ಬರೆಯುವ ಚಟವೂ ಅಲ್ಲಿಯೇ ಹತ್ತಿತು. ಹಾಗಾಗಿ ಕತೆಗಳು ನನ್ನ ಮಕ್ಕಳು ಎಂದು ನಾನು ಹೇಳಿದರೆ, ನಮ್ಮ ಮನೆಯ ಲೆಕ್ಕದಲ್ಲಿ ಅದಕ್ಕೆ ಅರ್ಥ ಒಂದೇ: ನಾನು ಶನಿವಾರ ಹೋಗಿ ನೋಡಿ, ಎಷ್ಟನೇ ಕ್ಲಾಸು ಎಂದು ಕೇಳಿ ಬರಬಹುದು.

ಈಗ ಆ ಹುಡುಗನಿಗೆ ಪ್ರಾಮಾಣಿಕವಾಗಿ ಉತ್ತರಿಸಲು ಪ್ರಯತ್ನಿಸುತ್ತೇನೆ.

ಮೊದಮೊದಲು ನನಗೆ ಬಹಳ ಪ್ರೀತಿ ಇದ್ದದ್ದು ಒಬ್ಬ ಜೈನ ಮುದುಕಿಯ ಮೇಲೆ. ಮೂಡಬಿದಿರೆಯಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಮ್ಮನನ್ನು ನೋಡಿ ಬರೆದದ್ದು. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸಬೇಕಾದ ಆಕೆ, ಪೇಟೆಗೆ ಹೋದ ಮಗ ಬರಲೆಂದು ಕಾಯುತ್ತಾ ಕಾಯುತ್ತಾ, ಕೊನೆಗೆ ಬೆಳಕು ಹೋಗಿ ಉಪವಾಸ ಮಲಗುವುದು, ಇಷ್ಟೇ ಕತೆ. ಅದನ್ನು ಬರೆದು ನಾನೇ ಅತ್ತಿದ್ದೆ. ಪ್ರಕಟವಾದ ಮೇಲೆ ಆ ಅಮ್ಮನಿಗೆ ಓದಿ ಹೇಳಿದೆ. "ಮಗ ಬರದಿದ್ದರೆ ನಾನು ಯಾಕೆ ಉಪವಾಸ ಇರಬೇಕು? ಉಂಡು ಮಲಗ್ತೇನೆ. ನಿಮಗೆ ಹೆಂಗಸರು ಹಸಿದಿದ್ದರೇ ಚೆಂದ ಕಾಣುವುದಾ ಮಾಸ್ಟ್ರೇ?" ಎಂದರು. ಅಂದಿನಿಂದ ಆ ಕತೆಯ ಮುಖ ನೋಡಲು ನನಗೆ ಆಗುವುದಿಲ್ಲ. ಚಾರ್ಮಾಡಿ ಬಸ್ಸಿನ ಕಂಡಕ್ಟರ್ ಬಾಬು ಎಂಬ ಪಾತ್ರವೂ ಒಂದು ಕಾಲಕ್ಕೆ ಇಷ್ಟವಿತ್ತು. ಈಗ ಓದಿದರೆ ಅವನು ಬರೇ ನಗಿಸಲು ನೋಡುತ್ತಾನೆ, ನಾನು ಸಭೆಗಳಲ್ಲಿ ಮಾಡುವ ಹಾಗೆ.

ಉಳಿದದ್ದು 'ಹೆಗಲು'. ನನ್ನನ್ನು ಕತೆಗಾರ ಎಂದು ಮಾಡಿದ ಕತೆ. ಓದಿದವರು ಇಂದಿಗೂ ಅದನ್ನೇ ಎತ್ತುತ್ತಾರೆ. ಅದರ ದೂಮಣ್ಣ ಎಂಬ ಯಜಮಾನ ಹೆಚ್ಚು ಮಾತಾಡದ ಒರಟ. ತಂಗಿಯ ಮಗನಿಗೆ ವಿಪರೀತ ಜ್ವರ ಬಂದಾಗ ಹುಡುಗನನ್ನು ಹೆಗಲಿಗೆ ಹಾಕಿಕೊಂಡು, ಗದ್ದೆ ಹಾದು, ಹೊಳೆಯಾಚೆಯ ಬಂಟ್ವಾಳದ ಡಾಕ್ಟರಲ್ಲಿಗೆ ಹೊರಡುತ್ತಾನೆ. ದೋಣಿಯಲ್ಲಿ ಕೆಂಡದಂಥ ಬಿಸಿಲು. ದೋಣಿಯವನು ಏನೂ ಹೇಳದೆ ತನ್ನ ತಲೆಯ ಮುಟ್ಟಾಳೆಯನ್ನು, ಅಡಕೆ ಹಾಳೆಯ ಆ ಟೊಪ್ಪಿಯನ್ನು ತೆಗೆದು ಹುಡುಗನ ತಲೆಗೆ ಇಡುತ್ತಾನೆ. ಕತೆ ಅಲ್ಲಿಗೆ ಮುಗಿಯುತ್ತದೆ.

ಜ್ವರ ನಿಜ. ನನಗೆ ಏಳೋ ಎಂಟೋ ವರ್ಷ ಆಗಿದ್ದಾಗ, ಐವತ್ತನೇ ಇಸವಿಯ ಆಚೀಚೆ. ಹೆಗಲೂ ನಿಜ. ಕೆನ್ನೆಗೆ ಒತ್ತುವ ಎಲುಬು, ಮೇಲೆ ಕೆಳಗೆ ಆಗುವ ಗದ್ದೆ, ನಶ್ಯದ ವಾಸನೆ. ಮಾವ ನಶ್ಯ ಹಾಕುತ್ತಿದ್ದ. ಮುಟ್ಟಾಳೆ ಮಾತ್ರ ನಾನು ಹುಟ್ಟಿಸಿದ್ದು. ಕತೆ ಮುಗಿಯಲೊಲ್ಲದೆ ಮೂಡಬಿದಿರೆಯ ಕೋಣೆಯ ಕಿಟಕಿಯಲ್ಲಿ ಕೂತಿದ್ದಾಗ ಹೊರಗೆ ಯಾರೋ ಮುಟ್ಟಾಳೆ ಹಾಕಿಕೊಂಡು ಗದ್ದೆಯ ಕಡೆಗೆ ಹೋದರು. ಸಿಕ್ಕಿತು ಎಂದುಕೊಂಡೆ. ಇದು ನನಗೆ ಚೆನ್ನಾಗಿ ನೆನಪಿದೆ. ನೆನಪಿದೆ ಎಂಬ ಮಾತನ್ನು ಎಷ್ಟು ನಂಬಬೇಕು ಎಂಬುದನ್ನು ಮುಂದೆ ನೀವೇ ತೀರ್ಮಾನಿಸಿ.

ಕತೆ ಬಂದ ಪತ್ರಿಕೆಯನ್ನು ಮಾವ ಬೆಲ್ಲದ ತಟ್ಟೆಯ ಜೊತೆಗೇ ನೆಂಟರ ಮುಂದೆ ಇಡತೊಡಗಿದ. ಅವನಿಗೆ ಕನ್ನಡ ಓದುವುದು ಕಷ್ಟ. ನನ್ನ ತಂಗಿ ಓದಬೇಕು, ಅವನು ಕಣ್ಣು ಮುಚ್ಚಿ ಕೇಳಬೇಕು. ಪೇಟೆಯಲ್ಲಿ ಜನ "ದೂಮಣ್ಣ, ಹೇಗಿದ್ದೀರಿ?" ಎಂದು ಕರೆದರೆ ಖುಷಿಯಿಂದ ತಿರುಗುತ್ತಿದ್ದ. ಆಶ್ಚರ್ಯವೆಂದರೆ, ಕತೆಯ ದೂಮಣ್ಣನ ಹಾಗೆ ಮಾತು ಕಡಿಮೆ ಮಾಡಿ, ಬೆನ್ನಿಗೆ ಕೈ ಕಟ್ಟಿ ನಡೆಯಲು ಶುರುಮಾಡಿದ. ನನ್ನ ಮಾವ ಜೀವಮಾನದಲ್ಲಿ ಬೆನ್ನಿಗೆ ಕೈ ಕಟ್ಟಿದವನಲ್ಲ.

ಒಂದು ಶನಿವಾರ ನಾನು ಮನೆಗೆ ಹೋಗಿದ್ದೆ. ಮಾವನ ಸ್ನೇಹಿತರಿಬ್ಬರು ಬಂದಿದ್ದರು. ಅಪ್ಪನೂ ಆಗ ತಾನೇ ಬಂದು, ಕೊಡೆ ತೂಗುಹಾಕಿ, ಬೆಲ್ಲ ಬಾಯಿಗಿಟ್ಟುಕೊಂಡು ಜಗಲಿಯ ತುದಿಯಲ್ಲಿ ಕೂತಿದ್ದರು. ತಂಗಿ ಓದಿದಳು. ಹೆಗಲು ಬಂದ ಕೂಡಲೇ ಮಾವ ಕೈ ಎತ್ತಿ ಓದು ನಿಲ್ಲಿಸಿದ. ಶಲ್ಯ ಸರಿಸಿ ಬಲ ಹೆಗಲನ್ನು ತಟ್ಟಿದ.

"ನೋಡಿ. ಇದೇ ಹೆಗಲು."

"ದೊಡ್ಡ ಕೆಲಸ ಮಾರಾಯ್ರೆ," ಎಂದರು ಸ್ನೇಹಿತರೊಬ್ಬರು.

"ಆ ದೋಣಿಯವ ಉಂಟಲ್ಲ, ಪಾಪ, ತನ್ನ ಮುಟ್ಟಾಳೆ ತೆಗೆದು ಇವನ ತಲೆಗೆ ಇಟ್ಟ. ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು."

ನಾನು ಮಾವನ ಮುಖ ನೋಡಿದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಕಾಣುತ್ತಿತ್ತು.

"ಮಾಸ್ಟ್ರೇ, ನೀವು ಓದಿದ್ದೀರಾ ಮಗ ಬರೆದದ್ದು?" ಸ್ನೇಹಿತರು ಅಪ್ಪನ ಕಡೆ ತಿರುಗಿದರು.

ಅಪ್ಪ ಬೆಲ್ಲವನ್ನು ನುಂಗಿ, ಒಂದು ಗುಟುಕು ನೀರು ಕುಡಿದು, "ಓದಿದ್ದೇನೆ. ಚೆಂದ ಉಂಟು," ಎಂದರು.

ಮರುದಿನ ಬೆಳಿಗ್ಗೆ ಅವರನ್ನು ದೋಣಿಯವರೆಗೆ ಬಿಡಲು ಹೋದೆ. ದೋಣಿ ಆಚೆ ದಡದಲ್ಲಿತ್ತು. ಅಪ್ಪ ಕೊಡೆಯ ತುದಿಯಿಂದ ದಡದ ಹೊಯಿಗೆಯಲ್ಲಿ ಗೆರೆ ಎಳೆಯುತ್ತಾ ನಿಂತಿದ್ದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಆ ಹೆಗಲು ನನ್ನದು ಮಾರಾಯ."

ನಾನು ಅವರ ಕಡೆ ತಿರುಗಿದೆ. ಅವರು ಗೆರೆ ಎಳೆಯುತ್ತಲೇ ಮುಂದುವರಿಸಿದರು.

"ನಿನ್ನ ಮಾವ ಆ ದಿನ ಮಾಣಿಯಲ್ಲಿ, ಹೆಂಡತಿ ಮನೆಯಲ್ಲಿ. ನಾನು ಬರುವಾಗ ನಿನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಬೆಲ್ಲ ಕೂಡ ತಿನ್ನದೆ ಎತ್ತಿಕೊಂಡು ಹೋದದ್ದು."

"ನನಗೆ ಮಾವ ಎಂದೇ ನೆನಪು. ನಶ್ಯದ ವಾಸನೆ..."

"ಇರಬಹುದು. ನನ್ನ ಹೆಗಲಲ್ಲಿ ಇದ್ದದ್ದು ನಿನ್ನ ಮಾವನ ಶಲ್ಯ. ಬಿಸಿಲಿಗೆ ನಿನ್ನ ತಲೆಗೆ ಹೊದಿಸಲಿಕ್ಕೆ ಮೊಳೆಯಿಂದ ಎಳೆದುಕೊಂಡದ್ದು." ದೋಣಿ ಹತ್ತಿರ ಬಂದಿತ್ತು. "ಹೋಗಲಿ ಬಿಡು. ಬರೆದಾಯಿತಲ್ಲ."

ಬರೆದಾಯಿತಲ್ಲ ಎಂದು ಅವರು ಹೇಳಿದ ರೀತಿ, ಗದ್ದೆ ಮಾರಿಯಾಯಿತಲ್ಲ ಎಂದು ಹೇಳುವ ಹಾಗೆ ಇತ್ತು. ಇದೆಲ್ಲ ಅವರು ಆಡಿದ್ದು ತುಳುವಿನಲ್ಲಿ. ಕನ್ನಡಕ್ಕೆ ಹೊತ್ತು ತರುವಾಗ ನಾನು ಏನು ಸೇರಿಸಿದೆ, ಏನು ಬಿಟ್ಟೆ ಎಂದು ಆಣೆ ಮಾಡಿ ಹೇಳಲಾರೆ.

ಮನೆಗೆ ಹಿಂದಿರುಗಿ ಅಮ್ಮನನ್ನು ಹಿಡಿದೆ. ಅವಳು ಒಲೆಯ ಮುಂದೆ ಇದ್ದಳು.

"ಜ್ವರ ಬಂದಾಗ ನನ್ನನ್ನು ಹೊತ್ತದ್ದು ಯಾರು?"

"ಯಾರು ಹೊತ್ತರೆ ಎಂತ? ನೀನು ಬದುಕಿದೆ ಅಲ್ವಾ?"

"ಅಪ್ಪನಾ, ಮಾವನಾ? ಅಷ್ಟು ಹೇಳು."

ಅಮ್ಮ ಚಾವಡಿಯ ಕಡೆಗೆ ಒಮ್ಮೆ ನೋಡಿದಳು. ಮಾವ ಕೆಮ್ಮುವುದು ಕೇಳುತ್ತಿತ್ತು. "ಅಣ್ಣನ ಅನ್ನ ಉಂಡುಕೊಂಡು ನನ್ನ ಹತ್ತಿರ ಎಂತ ಹೇಳಿಸ್ತೀಯಾ ನೀನು?" ಎಂದಳು. ಒಲೆಗೆ ಕಟ್ಟಿಗೆ ದೂಡಿ, ನನ್ನನ್ನು ಸಮಾಧಾನ ಮಾಡುವ ಹಾಗೆ, "ದೋಣಿಯವ ಮುಟ್ಟಾಳೆ ಕೊಟ್ಟದ್ದು ಮಾತ್ರ ನನಗೆ ಸರಿ ನೆನಪುಂಟು," ಎಂದಳು.

ಅವಳು ಆ ದಿನ ದೋಣಿಯಲ್ಲಿ ಇರಲೇ ಇಲ್ಲ. ತಂಗಿ ಆಗ ಕೈಗೂಸು, ಅವಳನ್ನು ನೋಡಿಕೊಂಡು ಅಮ್ಮ ಮನೆಯಲ್ಲೇ ಉಳಿದಿದ್ದಳು.

ಡೈರಿ ಬರೆಯುವ ಅಭ್ಯಾಸ ನನಗೆ ಮೈಸೂರಿನಿಂದ ಬಂದದ್ದು. ಅಲ್ಲಿ ಪ್ರೊಫೆಸರರೊಬ್ಬರು, ನೆನಪನ್ನು ನಂಬಬೇಡಿ, ಬರೆದಿಡಿ ಎನ್ನುತ್ತಿದ್ದರು. ಬರೆದದ್ದು ನೆನಪನ್ನು ತಿಂದುಹಾಕಿದರೆ ಏನು ಮಾಡಬೇಕೆಂದು ಅವರು ಹೇಳಿಕೊಡಲಿಲ್ಲ. ನಾನು ಒಂದು ಕತೆ ಬರೆದೆ. ಅದು ಹೋಗಿ ಮನೆಯವರೆಲ್ಲರ ತಲೆಯಲ್ಲಿ ನಿಜವಾದದ್ದು ಕೂತಿದ್ದ ಜಾಗದಲ್ಲಿ ಕಾಲು ಚಾಚಿ ಕೂತಿತು. ನನ್ನ ತಲೆಯಲ್ಲಿಯೂ. ಈಗ ಕಣ್ಣು ಮುಚ್ಚಿದರೆ ನನಗೆ ಕಾಣುವುದು ದೂಮಣ್ಣನ ಬೆನ್ನು. ಅದು ಅಪ್ಪನದೂ ಅಲ್ಲ, ಮಾವನದೂ ಅಲ್ಲ.

ಮಾಣಿಯಲ್ಲಿ ಮಾವನ ಮಗ ಒಂದು ಹೋಟೆಲು ಇಟ್ಟಿದ್ದ. ಒಮ್ಮೆ ಅಲ್ಲಿ ಚಹಾ ಕುಡಿಯಲು ಇಳಿದೆ. ಆ ದಿನ ಮಾವ ಮಾಣಿಯಲ್ಲಿದ್ದನೇ ಎಂದು ಕೇಳಬೇಕೆಂದಿತ್ತು. ನಾನು ಬಾಯಿ ತೆರೆಯುವ ಮುಂಚೆ ಅವನೇ, "ನಿನ್ನ ದೂಮಣ್ಣನನ್ನು ಓದಿದೆ ಮಾರಾಯ. ಒಳ್ಳೆ ಜನ. ಆದರೆ ಅವರು ನಮ್ಮ ಮನೆಗೆ ಒಂದು ದಿನವೂ ಬಂದದ್ದಿಲ್ಲ," ಎಂದ.

"ಅಂದರೆ?"

"ನಮ್ಮಲ್ಲಿಗೆ ಬರುತ್ತಿದ್ದದ್ದು ಬೇರೆ ಒಬ್ಬರು. ಬೆಲ್ಲ ತಿಂದು, ನೀರು ಕುಡಿದು, ಎಷ್ಟನೇ ಕ್ಲಾಸು ಎಂದು ಕೇಳಿ ಹೋಗುತ್ತಿದ್ದರು." ಅವನು ನಕ್ಕ. ನಾನೂ ನಗಬೇಕಾಯಿತು. ಕೇಳಬೇಕಾದದ್ದನ್ನು ಕೇಳದೆ ಚಹಾ ಮುಗಿಸಿದೆ. ಅವನ ತಂದೆ ಅವನ ಬಳಿ ಇದ್ದ ಒಂದು ದಿನವನ್ನು ನನ್ನ ಸಾಕ್ಷಿಗಾಗಿ ಕೇಳುವುದು ಯಾವ ಬಾಯಿಯಿಂದ?

ಅಪ್ಪನನ್ನು ಹಾಕಿ ಒಂದು ಕತೆ ಬರೆಯಬೇಕೆಂದು ಆಮೇಲೆ ಎಷ್ಟೋ ಸಲ ಕೂತೆ. ಒಬ್ಬ ಮಾಸ್ತರು ಬಸ್ಸಿನಿಂದ ಇಳಿಯುತ್ತಾನೆ, ಕೊಡೆ ತೂಗುಹಾಕುತ್ತಾನೆ, ಬೆಲ್ಲ ಕಚ್ಚುತ್ತಾನೆ. ಅಲ್ಲಿಗೆ ನಿಲ್ಲುತ್ತದೆ. ಸಿಟ್ಟು ಬಂದರೆ ಅವರು ಏನು ಮಾಡುತ್ತಿದ್ದರು, ಶಾಲೆಯಲ್ಲಿ ಹೇಗೆ ನಗುತ್ತಿದ್ದರು, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದರೋ ಇಲ್ಲವೋ, ಒಂದೂ ನನಗೆ ಗೊತ್ತಿಲ್ಲ. ನೆಂಟರ ಬಗ್ಗೆ ಯಾರಿಗೆ ಎಷ್ಟು ಗೊತ್ತಿರುತ್ತದೆ?

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದರು, ತಮ್ಮ ಅಕ್ಕನ ಮನೆಯಲ್ಲಿ. ನಾನು ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಚಾರ್ಮಾಡಿ ಬಸ್ಸು ಹಿಡಿದು ಅವರ ಊರಿನಲ್ಲಿ ಇಳಿದೆ. ಬಸ್ಸಿನ ಕಂಡಕ್ಟರು ನನ್ನ ಬಾಬುವಿನ ಹಾಗೆ ಒಂದೂ ತಮಾಷೆ ಮಾಡಲಿಲ್ಲ. ನಾನು ಅಂಗಳಕ್ಕೆ ಕಾಲಿಟ್ಟಾಗ ಅಪ್ಪನ ಸೋದರ ಸೊಸೆ, ಅಕ್ಕನ ಮಗಳು, "ಬನ್ನಿ, ಬನ್ನಿ" ಎಂದು ಚಾಪೆ ಹಾಸಿ ಒಳಗೆ ಓಡಿದಳು. ಅಪ್ಪನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಕೊಡೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಾನು ನಿಂತಿದ್ದೆ. ಗೋಡೆಯಲ್ಲಿ ಒಂದು ಮೊಳೆ ಇತ್ತು. ತೂಗುಹಾಕಿದೆ.

ಅಪ್ಪ ಇಳಿದುಹೋಗಿದ್ದರು. ಆದರೆ ಕಣ್ಣಲ್ಲಿ ಕಿಡಿ ಇತ್ತು. "ದೂಮಣ್ಣ ಹೇಗಿದ್ದಾನೆ?" ಎಂದರು. ಅಷ್ಟು ವರ್ಷಕ್ಕೆ ಮಾವನ ಮೇಲೆ ಅವರು ಮಾಡಿದ ತಮಾಷೆ ಅದೊಂದೇ ಇರಬೇಕು.

"ಹುಷಾರಿದ್ದಾರೆ."

ಮನೆಯ ಮಾಡಿನ ಹಂಚು ನೋಡುತ್ತಾ ಮಲಗಿದ್ದವರು ತಾವಾಗಿಯೇ ಆ ಮಾತು ತೆಗೆದರು. "ಆ ಮುಟ್ಟಾಳೆ ನಿನಗೆ ದೊಡ್ಡದಾಗಿತ್ತು. ಮೂಗಿನವರೆಗೆ ಇಳಿಯುತ್ತಿತ್ತು."

ಅಪ್ಪನೂ, ಎಂದುಕೊಂಡೆ. ಇವರ ತಲೆಯಲ್ಲಿಯೂ ನನ್ನ ದೋಣಿಯವನು ಹತ್ತಿ ಕೂತಿದ್ದಾನೆ. ಹಾಗಾದರೆ ಹೆಗಲು? ಅದೂ ಪತ್ರಿಕೆಯಲ್ಲಿ ಓದಿ ಹುಟ್ಟಿದ್ದೇ?

"ನಡುಹೊಳೆಯಲ್ಲಿ ನೀನು ಅದರೊಳಗೇ ವಾಂತಿ ಮಾಡಿದೆ. ಆ ದೋಣಿಯವ ಎಂತ ಬೈದ ಗೊತ್ತುಂಟಾ! ನನ್ನ ಅಜ್ಜ ಮುತ್ತಜ್ಜ ಎಲ್ಲರನ್ನೂ ಎಳೆದ." ಅಪ್ಪ ನಕ್ಕರು, ನಕ್ಕು ಕೆಮ್ಮಿದರು. "ನೀನು ಅದನ್ನು ಬರೆಯಲಿಲ್ಲ."

ನಾನು ಬರೆದ ದೋಣಿಯವನು ಬೈಯುವವನಲ್ಲ. ಅವನು ಮೌನಿ, ಉದಾತ್ತ. ಆದರೆ ವಾಂತಿ ತುಂಬಿದ ಮುಟ್ಟಾಳೆ ಹಿಡಿದು ಪ್ರಯಾಣಿಕನ ಮುತ್ತಜ್ಜನನ್ನು ಬೈಯುವ ದೋಣಿಯವನ ಮುಂದೆ ನನ್ನವನು ಕಾಗದದ ಗೊಂಬೆ. ಹಾಗಾದರೆ ಎರಡರಲ್ಲಿ ಒಂದು. ಅಪ್ಪ ಹೇಳುವುದು ನಿಜ: ಹೆಗಲು ಅವರದು, ದೋಣಿಯವನು ಇದ್ದ, ನಾನು ಹುಟ್ಟಿಸಿದೆ ಎಂದುಕೊಂಡದ್ದು ಯಾವುದೋ ಮೂಲೆಯಿಂದ ಮೇಲೆ ಬಂದ ನೆನಪು, ಕಿಟಕಿಯ ಆಚೆ ಹೋದವನು ಬರೇ ನೆಪ. ಇಲ್ಲವೇ, ನನ್ನ ಕತೆಯೊಳಗೆ ತಮಗೆ ಒಂದು ಜಾಗ ಮಾಡಿಕೊಳ್ಳಲು ಆ ಮನುಷ್ಯ ಹಾಸಿಗೆಯಲ್ಲಿ ಮಲಗಿ ನನಗಿಂತ ಒಳ್ಳೆಯ ಕತೆ ಕಟ್ಟಿದರು. ಎರಡರಲ್ಲಿ ಯಾವುದಾದರೂ ಸೋತವನು ನಾನೇ.

ಹಾಗಾಗಿ, ಹಿಂದಿನ ಬೆಂಚಿನ ಹುಡುಗನೇ, ನನ್ನ ಇಷ್ಟದ ಪಾತ್ರ ಆ ದೋಣಿಯವನು. ಅವನು ಇದ್ದನೋ ಇಲ್ಲವೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮಾವ, ಅಮ್ಮ, ಅಪ್ಪ ಮೂವರೂ ಒಪ್ಪಿದ ಮನುಷ್ಯ ಅವನೊಬ್ಬನೇ. ಅವನು ದಾಟಿಸಿದ್ದು ಯಾರನ್ನು ಎಂದು ಮಾತ್ರ ಅವರಲ್ಲಿ ಒಮ್ಮತವಿಲ್ಲ.

ಆ ದಿನ ಸೊಸೆ ತಟ್ಟೆ ತಂದು ನನ್ನ ಮುಂದೆ ಇಟ್ಟಿದ್ದಳು. ನಾನು ಮುಟ್ಟಿರಲಿಲ್ಲ.

"ಅವನಿಗೆ ಬೆಲ್ಲ ನೀರು ಕೊಟ್ಟಿರಾ?" ಅಪ್ಪ ಕತ್ತು ಎತ್ತಿ ಕೇಳಿದರು.

"ಕೊಟ್ಟಿದ್ದೇನೆ ಮಾವ. ಅವರು ತೆಗೊಳ್ಳಲೇ ಇಲ್ಲ."

ನಾನು ಬೆಲ್ಲ ಎತ್ತಿಕೊಂಡು ಒಂದು ಮೂಲೆ ಕಚ್ಚಿದೆ. ಉಳಿದದ್ದನ್ನು, ಆಕೆ ಆಚೆ ತಿರುಗಿದಾಗ, ಅಪ್ಪನ ಕೈಗೆ ದಾಟಿಸಿದೆ. ಅವರು ಅಂಗೈಯಲ್ಲಿ ಅದನ್ನು ಸ್ವಲ್ಪ ಹೊತ್ತು ಹಿಡಿದು ನೋಡಿದರು. ಮತ್ತೆ ನನ್ನ ಕೈಗೇ ಇಟ್ಟರು.

"ನೀನು ತಿನ್ನು," ಎಂದರು. "ಬಿಸಿಲಲ್ಲಿ ದೂರದಿಂದ ಬಂದವ."